ಮಲ್ಲೇಶ್ವರಿ ಚಿಗವ್ವ ಹಾಕಿದ ನೂರ ಎಂಬತ್ತೇಳು ಅಂಕಿ

ಮಾನ್ವಿಯ ಬಸ್ ನಿಲ್ದಾಣದಿಂದ ಹೊರಬಂದು ಎಡಕ್ಕೆ ತಿರುಗಿದರೆ ಆರನೆಯ ಅಂಗಡಿ ಮಲ್ಲೇಶ್ವರಿ ಚಿಗವ್ವನದು. ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಅಂಗಡಿಯೊಳಗೆ ಒಂದು ಝೆರಾಕ್ಸ್ ಯಂತ್ರ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಸ್ಟೂಲು ಇವೆ. ಜಾತಿ ಪ್ರಮಾಣಪತ್ರದ ಅರ್ಜಿ, ಪಹಣಿಯ ನಕಲು, ಮದುವೆ ಪತ್ರಿಕೆ, ಸಂಘದ ಠರಾವು, ಇವು ಅವಳ ದಿನದ ಕೆಲಸ. ಟೈಪ್ ಮಾಡಿದ ಪ್ರತಿ ಹಾಳೆಯನ್ನೂ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು ಮೂಲದ ಜೊತೆ ತಾಳೆ ನೋಡುತ್ತಾಳೆ. ಅವಸರದ ಗಿರಾಕಿಗಳು ಬೈಯುತ್ತಾರೆ. ಬೈದವರೇ ಮತ್ತೆ ಬರುತ್ತಾರೆ, ಏಕೆಂದರೆ ಅವಳು ಬರೆದ ಅರ್ಜಿ ಕಚೇರಿಯಿಂದ ವಾಪಸ್ ಬರುವುದಿಲ್ಲ.

ಇದೇ ಅಂಗಡಿಯಲ್ಲಿ ಸಂಗೀತದ ಹಾಳೆಯೂ ತಯಾರಾಗುತ್ತದೆ ಎಂದರೆ ಮೊದಲು ಯಾರೂ ನಂಬುವುದಿಲ್ಲ.

ರಾಯಚೂರಿನಲ್ಲಿ ಸ್ವಪ್ನಾ ಮೇಡಂ ಎಂಬವರು ಮಕ್ಕಳಿಗೆ ಗುಂಪುಗಾಯನ ಕಲಿಸುತ್ತಾರೆ. ಹಾಡುಗಳನ್ನು ಅವರೇ ಕಟ್ಟುತ್ತಾರೆ. ಬೇವಿನ ಮರದ ಮೇಲೊಂದು, ರೈಲಿನ ಮೇಲೊಂದು, ಹತ್ತಿ ಬಿಡಿಸುವುದರ ಮೇಲೊಂದು, ನಮ್ಮ ಬಿಸಿಲಿನ ಮೇಲೊಂದು. ಹೋದ ವರ್ಷ ಅವರು ಪರಿಚಯದ ಅಮೀರ್ ಸಾಬರ ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದಾಗ ಚಿಗವ್ವನ ತಾಳೆ ನೋಡುವ ರೀತಿಯನ್ನು ನಿಂತು ನೋಡಿದರು. ಮರುವಾರ ಕೈಬರಹದ ಹಾಡಿನ ಹಾಳೆಗಳನ್ನು ತಂದರು. ಪಾಶ್ಚಾತ್ಯ ರೀತಿಯ ಸ್ವರಲಿಪಿ. ಐದೈದು ಗೆರೆ, ಗೆರೆಗಳ ಮೇಲೆ ಸ್ವರಕ್ಕೊಂದು ಚುಕ್ಕೆ, ಚುಕ್ಕೆಗೆ ಬಾಲ.

"ಇವನ್ನ ಕಂಪ್ಯೂಟರ್‌ದಾಗ ಮಾಡಿ ಕೊಡ್ತೀರೇನ್ರಿ?"

"ಮೇಡಂ, ನನಗ ಸರಿಗಮನೂ ಬರಂಗಿಲ್ರಿ."

"ನಿಮಗ ಉರ್ದುನೂ ಬರಂಗಿಲ್ಲ. ಅಮೀರ್ ಸಾಬ್‌ರ ಮಗಳ ಮದುವಿ ಪತ್ರಿಕಿ ಒಂದು ತಪ್ಪಿಲ್ದಂಗ ಮಾಡೀರಲ್ರಿ?"

ಚಿಗವ್ವ ಅಡಿಪಟ್ಟಿಯನ್ನು ಮೊದಲ ಸಾಲಿನ ಕೆಳಗೆ ಹಿಡಿದು ನೋಡಿದಳು. ಹಾಳೆ ಇಟ್ಟುಕೊಂಡಳು.

ಸಂಗೀತ ಬರೆಯುವ ಸಾಫ್ಟ್‌ವೇರನ್ನು ಸ್ವಪ್ನಾ ಮೇಡಂ ಅವರೇ ಹಾಕಿಕೊಟ್ಟರು. ಚುಕ್ಕೆ ಕೂಡಿಸುವುದನ್ನು ಕಲಿಯಲು ಚಿಗವ್ವನಿಗೆ ಒಂದು ತಿಂಗಳು ಹಿಡಿಯಿತು. ಆಮೇಲೆ ಅಂಕಿಗಳು ಬಂದವು. ಗೆರೆಗಳ ಕೆಳಗೆ, ಸ್ವರಕ್ಕೆ ನೇರವಾಗಿ, I, IV, V, vi ಎಂದು ರೋಮನ್ ಅಂಕಿ ಹಾಕಬೇಕು. ಅಂಕಿ ಇರುವ ಕಡೆ ಬಾರಿಸುವವರು ಮೂರು ಸ್ವರ ಒಟ್ಟಿಗೆ ಒತ್ತಬೇಕು. ಯಾವ ಮೂರು ಎಂಬುದನ್ನು ಅಂಕಿ ಹೇಳುತ್ತದೆ. ಸ್ವರವನ್ನು ಆರಿಸಿ, ಮೆನುವಿನಲ್ಲಿ ರೋಮನ್ ಅಂಕಿ ಎಂಬುದನ್ನು ಒತ್ತಿ, ಬರೆದು, ಸ್ಪೇಸ್ ಒತ್ತಿದರೆ ಕರ್ಸರ್ ತಾನೇ ಮುಂದಿನ ಸ್ವರಕ್ಕೆ ಹಾರುತ್ತದೆ. ಅದು ಹಾರುವುದನ್ನು ನೋಡಿ ಚಿಗವ್ವ ಮೊದಲ ದಿನ ಸಣ್ಣ ಹುಡುಗಿಯಂತೆ ನಕ್ಕಳು. ನಾಲ್ಕು ಹಾಡಿಗೆ ನೂರ ಎಂಬತ್ತೇಳು ಅಂಕಿ. ನಾನೂ ಎಣಿಸಿದ್ದೇನೆ. ಅವುಗಳ ಅರ್ಥವನ್ನು ಮಾತ್ರ ಅವಳು ಕೇಳಲಿಲ್ಲ. ಮೂಲದಲ್ಲಿದ್ದದ್ದು ಹಾಗೆಯೇ ಬರಬೇಕು, ಅಷ್ಟೇ ತನ್ನ ಕೆಲಸ ಎಂದುಕೊಂಡಿದ್ದಳು.

ಈ ಡಿಸೆಂಬರಿನಲ್ಲಿ ರಾಯಚೂರಿನ ರಂಗಮಂದಿರದಲ್ಲಿ ಆ ಮಕ್ಕಳ ಕಾರ್ಯಕ್ರಮ ನಿಗದಿಯಾಯಿತು. ಹದಿನೈದು ದಿನ ಇರುವಾಗ ಹಾಡಿನ ಜೊತೆಗೆ ಕೀಬೋರ್ಡ್ ಬಾರಿಸುತ್ತಿದ್ದವರು ನೌಕರಿ ಸಿಕ್ಕು ಬಳ್ಳಾರಿಗೆ ಹೋದರು. ಸ್ವಪ್ನಾ ಮೇಡಂ ಫೋನಿನಲ್ಲಿ ಅದನ್ನು ಹೇಳಿದ ತಕ್ಷಣ ಚಿಗವ್ವ, "ನಮ್ಮ ಮಾವ ಅದಾನ್ರಿ, ದೇವದುರ್ಗದಾಗ. ದೊಡ್ಡ ಪೇಟಿ ಮಾಸ್ತರ," ಎಂದುಬಿಟ್ಟಳು.

ಮಾವ ಎಂದರೆ ಉರುಕುಂದಪ್ಪಜ್ಜ, ನಮ್ಮ ಅಜ್ಜಿಯ ತಮ್ಮ. ಅರವತ್ತನಾಲ್ಕು ವರ್ಷ. ನಾಟಕ ಕಂಪನಿಗಳಲ್ಲೂ ಭಜನೆಗಳಲ್ಲೂ ನಲವತ್ತು ವರ್ಷ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಪೇಟಿ, ಬಾರಿಸಿದವರು. ಮೂರು ವರ್ಷದಿಂದ ಯಾರೂ ಕರೆದಿರಲಿಲ್ಲ. ಎಲ್ಲರಿಗೂ ಈಗ ಕರೆಂಟಿನ ಕೀಬೋರ್ಡ್ ಬೇಕು. ಚಿಗವ್ವ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿ ಮನೆಯಲ್ಲಿ ಕೂತಾಗ ಸೈಕಲ್ ಮೇಲೆ ಕೂಡಿಸಿಕೊಂಡು ಹೋಗಿ ಟೈಪಿಂಗ್ ಕ್ಲಾಸಿಗೆ ಸೇರಿಸಿದವರು ಅವರೇ. ಈಗ ಅವರು ಮತ್ತೊಮ್ಮೆ ರಂಗದ ಮುಂದೆ ಪೇಟಿ ಇಟ್ಟುಕೊಂಡು ಕೂಡುವುದನ್ನು ನೋಡಬೇಕೆಂದು ಅವಳಿಗೆ ಬಹಳ ಆಸೆ. ಅಜ್ಜ ತಮ್ಮ ಆಸೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅದೇ ಸಂಜೆ ಧೋತರಕ್ಕೆ ಇಸ್ತ್ರಿ ಮಾಡಿಸಿದರಂತೆ.

ಕಾಲಿನಿಂದ ಗಾಳಿ ಒತ್ತುವ ಅವರ ದೊಡ್ಡ ಪೇಟಿಯನ್ನು ನಮ್ಮ ಓಣಿಯ ವಲಿ ಪಾಷಾ ತನ್ನ ಗೂಡ್ಸ್ ಆಟೋದಲ್ಲಿ ಸಿರವಾರದ ಮೂಲಕ ಮಾನ್ವಿಗೆ ತಂದ.

"ಯಜ್ಜಾ, ದಾರಿ ತುಂಬಾ ನಿನ್ನ ಪೇಟಿ ತಾನ ಹಾಡಾಕತ್ತಿತ್ತು ನೋಡು."

"ನಿನ್ನ ಗಾಡಿಕಿಂತ ಶ್ರುತಿದಾಗ ಹಾಡಿರಬೇಕು, ಇಳಿಸು ಲೇ," ಎಂದರು ಅಜ್ಜ.

ಅಂಗಡಿಯಲ್ಲೇ ಅಭ್ಯಾಸ ನಡೆಯಿತು. ಹಾಡುಗಳನ್ನು ಅಜ್ಜ ಮೇಡಂ ಕಳಿಸಿದ ಧ್ವನಿಮುದ್ರಣ ಕೇಳಿ ಕಲಿತರು. ಹಾಳೆಯಲ್ಲಿ ಅವರು ನೋಡುತ್ತಿದ್ದದ್ದು ಅಂಕಿ ಮಾತ್ರ. ಬಲಗೈ ಹಾಡು ಬಾರಿಸುತ್ತಿತ್ತು, ಎಡಗೈ ಅಂಕಿ ನೋಡಿ ಮೂರು ಮೂರು ಸ್ವರ ಒತ್ತುತ್ತಿತ್ತು. ನಾಲ್ಕೂ ಹಾಡು ಒಂದೂ ತಪ್ಪಿಲ್ಲದೆ ಬಂದವು. ಝೆರಾಕ್ಸ್ ಮಾಡಿಸಲು ಬಂದವರು ಕೆಲಸ ಮುಗಿದರೂ ಹೋಗುತ್ತಿರಲಿಲ್ಲ. ಫೋನಿನಲ್ಲಿ ಕೇಳಿದ ಸ್ವಪ್ನಾ ಮೇಡಂ, "ಭೇಷ್ ಮಾಸ್ತರ!" ಎಂದರು.

ಕಾರ್ಯಕ್ರಮ ಭಾನುವಾರ ಸಂಜೆ. ಶುಕ್ರವಾರ ರಾಯಚೂರಿನಲ್ಲಿ ಮಕ್ಕಳ ಜೊತೆ ಮೊದಲ ಅಭ್ಯಾಸ. ಮೂವತ್ತು ಮಕ್ಕಳು. ಬೇವಿನ ಮರದ ಹಾಡಿನಲ್ಲಿ ಕೆಳಗಿನ ಸ್ವರಗಳು ಗೊಣಗಿದಂತೆ ಕೇಳುತ್ತಿದ್ದವು.

"ಮಾಸ್ತರ, ಶ್ರುತಿ ಸ್ವಲ್ಪ ಏರಸ್ರಿ. ಬಿಳಿ ಎರಡಕ್ಕ ತಗೋರಿ," ಎಂದರು ಮೇಡಂ.

ಪೇಟಿಯವರು ಶ್ರುತಿಯನ್ನು ಕೀಲಿಯ ಬಣ್ಣ ಮತ್ತು ಸಂಖ್ಯೆಯಿಂದ ಹೇಳುತ್ತಾರೆ. ಮೊದಲ ಬಿಳಿ ಕೀಲಿ ಬಿಳಿ ಒಂದು, ಎರಡನೆಯದು ಬಿಳಿ ಎರಡು. ಕಪ್ಪು ಕೀಲಿಗಳಿಗೂ ಹಾಗೆಯೇ, ಕರಿ ಒಂದು, ಕರಿ ಎರಡು. ಅಜ್ಜನ ಬಲಗೈ ಕ್ಷಣದಲ್ಲಿ ಬಿಳಿ ಎರಡಕ್ಕೆ ಸರಿದು ಹಾಡನ್ನು ಸರಿಯಾಗಿ ಹಿಡಿಯಿತು. ಆದರೆ ಎಡಗೈ ಅಂಕಿ ನೋಡಿ ಒತ್ತಿದ ಸ್ವರಗಳು ಅದರ ಜೊತೆ ಜಗಳಕ್ಕೆ ನಿಂತವು. ಮಕ್ಕಳು ಹಾಡು ನಿಲ್ಲಿಸಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಯಜ್ಜಾ, ನಿನ್ನ ಎಡಗೈ ಬ್ಯಾರೆ ಹಾಡು ಹಾಡಾಕತ್ತದ!" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನ್ನೂ ಎರಡು ಸಲ ಬಾರಿಸಿದರೂ ಹಾಗೆಯೇ ಆಯಿತು.

ಮೇಡಂ ಅಜ್ಜನಿಗೆ ನೋವಾಗದಂತೆ ಮೆಲ್ಲಗೆ ಹೇಳಿದರು. "ಇರಲಿ ಬಿಡ್ರಿ ಮಾಸ್ತರ. ಐತವಾರ ಮುಂಜಾನಿ ಒಮ್ಮಿ ನೋಡೋಣ. ಆಗಲಿಲ್ಲಂದ್ರ ಬರೇ ತಾಳದ ಮ್ಯಾಲ ಹಾಡಸ್ತೀನಿ."

ಪೇಟಿ ವಲಿ ಪಾಷಾನ ಆಟೋದಲ್ಲಿ ಹಿಂದೆ ಬರುತ್ತಿತ್ತು, ಬಸ್ಸಿನಲ್ಲಿ ಅಜ್ಜ ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೂತರು. ಮಾನ್ವಿ ಹತ್ತಿರ ಬಂದಾಗ, "ಮಲ್ಲಿ, ನಿನ್ನ ಹಾಳೀದಾಗ ತಪ್ಪದ," ಎಂದರು. ಚಿಗವ್ವನ ಮುಖ ಸಣ್ಣದಾಯಿತು. ಅವಳ ಹಾಳೆಯಲ್ಲಿ ತಪ್ಪಿದೆ ಎಂದು ಈವರೆಗೆ ಯಾರೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಗಿರಾಕಿಗಳನ್ನೆಲ್ಲ ಮಧ್ಯಾಹ್ನದ ಮೇಲೆ ಬನ್ನಿ ಎಂದು ಕಳಿಸಿದಳು. ಒಂದೊಂದೇ ಅಂಕಿಯನ್ನು ಮೇಡಂ ಅವರ ಕೈಬರಹದ ಜೊತೆ ಓದಿ ನೋಡಿದಳು. ನಾನು ಮೂಲ ಓದಿದೆ, ಅವಳು ನಕಲು ನೋಡಿದಳು. ನೂರ ಎಂಬತ್ತೇಳೂ ಸರಿಯಾಗಿದ್ದವು. ಪೇಟಿಯ ಮುಂದೆ ಕೂತಿದ್ದ ಅಜ್ಜ, "ಹಂಗಾದ್ರ ನನ್ನ ಕೈ ಮುದಿ ಆತು ಬಿಡು," ಎಂದರು.

ಆಗ ಚಿಗವ್ವ ಬೇರೆ ದಾರಿ ಹಿಡಿದಳು. ಸಾಫ್ಟ್‌ವೇರಿನಲ್ಲಿ ಇಡೀ ಹಾಡಿನ ಶ್ರುತಿ ಬದಲಿಸುವ ಆಜ್ಞೆಯೊಂದಿದೆ. ಬೇವಿನ ಮರದ ಹಾಡನ್ನು ಪೂರ್ತಿ ಆರಿಸಿ ಬಿಳಿ ಎರಡಕ್ಕೆ ಏರಿಸಿದಳು. ಚುಕ್ಕೆಗಳೆಲ್ಲ ಒಂದೇ ಏಟಿಗೆ ಮೇಲೆ ಹತ್ತಿದವು. ಅಂಕಿಗಳು ಮಾತ್ರ ಇದ್ದ ಹಾಗೆಯೇ ಇದ್ದವು. I ಇದ್ದಲ್ಲಿ I, IV ಇದ್ದಲ್ಲಿ IV.

"ಇಲ್ಲೇ ಅದ ನೋಡು ತಪ್ಪು! ಅಂಕಿ ಏರೇ ಇಲ್ಲ," ಎಂದಳು. ಪ್ರತಿ ಅಂಕಿಗೂ ಒಂದೊಂದು ಕೂಡಿಸಿ ಬರೆಯಲು ಕೈ ಇಟ್ಟಳು. ಆದರೆ ಮೂಲದಲ್ಲಿ ಇಲ್ಲದ್ದನ್ನು ಬರೆಯಲು ಅವಳಿಗೆ ಮನಸ್ಸು ಬರಲಿಲ್ಲ. ಕೈ ತೆಗೆದಳು. ಅಜ್ಜನ ಕಡೆ ತಿರುಗಿ, "ಮಾವ, ಮೊದಲಿನ ಹಾಳಿ ನೋಡಿ ಬಾರಿಸು. ಎಡಗೈಲೆ ಏನು ಒತ್ತತಿ, ಬಾಯಿಲೆ ಹೇಳು," ಎಂದಳು.

ಅಜ್ಜ ಒತ್ತುತ್ತ ಮೂರರಲ್ಲಿ ಮೊದಲ ಕೀಲಿಯ ಹೆಸರು ಹೇಳಿದರು. "ಬಿಳಿ ಒಂದು... ಬಿಳಿ ನಾಕು... ಬಿಳಿ ಐದು... ಬಿಳಿ ಒಂದು..."

"ನಿಂದ್ರು. ಬಿಳಿ ಅಂತ ಯಾರು ಹೇಳಿದ್ರು?"

"ಕರಿ ಅಂತ ಬರದಿಲ್ಲಲ್ಲ!"

ಚಿಗವ್ವ ಅವರನ್ನು ಕಂಪ್ಯೂಟರಿನ ಮುಂದೆ ಕರೆತಂದು ಕೂಡಿಸಿದಳು. ಅದೇ ಆಜ್ಞೆಯನ್ನು ಮತ್ತೆ ಮಾಡಿ ತೋರಿಸಿದಳು. ಚುಕ್ಕೆ ಏರಿದವು, ಇಳಿದವು, ಮತ್ತೆ ಏರಿದವು. ಅಂಕಿ ಕದಲಲಿಲ್ಲ. ಅಜ್ಜ ಕನ್ನಡಕ ಹಣೆಗೇರಿಸಿ, ಮತ್ತೆ ಇಳಿಸಿ ನೋಡಿದರು. ಬಾಯೊಳಗೆ ಸರಿಗಮ ಎಣಿಸಿದರು. ಆಮೇಲೆ ತೊಡೆ ತಟ್ಟಿ ನಕ್ಕರು.

"ಯವ್ವಾ ಮಲ್ಲಿ! ಇದು ಕೀಲಿ ಲೆಕ್ಕ ಅಲ್ಲ, ಸಂಬಂಧದ ವರಸಿ ಇದ್ದಂಗ! ನಾನು ದೇವದುರ್ಗದಾಗ ಇದ್ರೂ ನಿನಗ ಮಾವ, ಮಾನ್ವಿಗಿ ಬಂದ್ರೂ ಮಾವ. ಊರು ಬದಲಾದ್ರ ವರಸಿ ಬದಲಾಗತದೇನು? ಒಂದು ಅಂದ್ರ ಸ. ಅದು ಎಲ್ಲಿ ಕುಂತರ ಅಲ್ಲೇ ಒಂದು. ನಾಕು ಅದರ ಮ, ಐದು ಅದರ ಪ."

"ಮತ್ತ ಇಲ್ಲಿ ಇಷ್ಟು ದಿನ ಹೆಂಗ ಸರಿ ಬಂತು?"

"ಇಲ್ಲಿ ಸ ಬಿಳಿ ಒಂದರಾಗೇ ಇತ್ತಲ್ಲ! ಕಣ್ಣು ಮುಚ್ಚಿ ಹೊಡದ ಕಲ್ಲು ಮಾವಿನಕಾಯಿಗೇ ಬಿದ್ದಿತ್ತು." ಅಜ್ಜ ಪೇಟಿಗೆ ಓಡಿದರು. "ನಲವತ್ತು ವರ್ಷ ಮಾಡಿದ್ದು ಇದೇ. ರೋಮನ್ ಅಂಗಿ ಹಾಕ್ಕೊಂಡು ಬಂತು, ನಾನು ಗುರುತು ಹಿಡೀಲಿಲ್ಲ."

"ಕೇಳಬೇಕಿತ್ತು ನೀ."

"ನೀ ಹೇಳಬೇಕಿತ್ತು."

"ನನಗ ಗೊತ್ತಿದ್ರಲ್ಲ ಹೇಳಾಕ!"

ಬಾಗಿಲಲ್ಲಿ ನಿಂತಿದ್ದ ವಲಿ ಪಾಷಾ, "ಭೇಷ್, ಇಬ್ಬರೂ ಕೂಡಿ ಒಬ್ಬ ಮಾಸ್ತರ ಆದ್ರಿ," ಎಂದ. ಆ ಮಧ್ಯಾಹ್ನ ಅಜ್ಜ ಒಂದೇ ಹಾಳೆ ಇಟ್ಟುಕೊಂಡು ನಾಲ್ಕೂ ಹಾಡನ್ನು ಬಿಳಿ ಎರಡು, ಕರಿ ಒಂದು, ಬಿಳಿ ನಾಕು ಎಂದು ಬೇರೆ ಬೇರೆ ಶ್ರುತಿಗಳಲ್ಲಿ ಬಾರಿಸಿದರು. ಊಟ ಮರೆತರು.

ಭಾನುವಾರ ಮುಂಜಾನೆ ಸ್ವಪ್ನಾ ಮೇಡಂ ಎರಡು ಹಾಡು ಕೇಳಿ ಪೇಟಿಯನ್ನು ವೇದಿಕೆಯ ಮುಂದಕ್ಕೆ ಇಡಿಸಿದರು.

ಸಂಜೆ ಮೊದಲ ಎರಡು ಹಾಡು ಚೆನ್ನಾಗಿ ಆದವು. ಮೂರನೆಯದು ರೈಲಿನ ಹಾಡು. ಜನ ನೋಡಿದ ಹುರುಪಿನಲ್ಲಿ ಮಕ್ಕಳು ಪೇಟಿಯ ಶ್ರುತಿಗೆ ಕಾಯದೆ ತಾವೇ ಶುರು ಮಾಡಿಬಿಟ್ಟರು. ಅಭ್ಯಾಸದಲ್ಲಿ ಎಂದೂ ಹಾಡದ ಶ್ರುತಿ ಅದು. ಮೇಡಂ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನನ್ನ ಪಕ್ಕದಲ್ಲಿ ಕೂತಿದ್ದ ಚಿಗವ್ವ ನನ್ನ ಮೊಣಕೈ ಹಿಡಿದಳು. ಅಜ್ಜ ತಲೆ ಓರೆ ಮಾಡಿ ಅರ್ಧ ಸಾಲು ಕೇಳಿಸಿಕೊಂಡರು. ಕಿರುಬೆರಳಿನಿಂದ ಒಂದು ಕೀಲಿ ಮುಟ್ಟಿದರು. ಕರಿ ಎರಡು. ಎರಡನೆಯ ಸಾಲಿಗೆ ಎರಡೂ ಕೈ ಒಳಗೆ ಬಂದವು. ಚಿಗವ್ವ ಬರೆದ ಅಂಕಿಗಳನ್ನೇ ಸಾಲಾಗಿ ನೋಡುತ್ತ, ಒಂದೂ ಬಿಡದೆ ಬಾರಿಸಿದರು. ಮಕ್ಕಳಿಗೆ ತಾವು ತಪ್ಪು ಮಾಡಿದ್ದೇ ಗೊತ್ತಾಗಲಿಲ್ಲ. ಚಿಗವ್ವನ ಕೈ ಸಡಿಲವಾಯಿತು. ನನ್ನ ಮೊಣಕೈ ಮೇಲೆ ನಾಲ್ಕು ಉಗುರಿನ ಗುರುತು ಉಳಿಯಿತು.

ನಾಲ್ಕನೆಯ ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಸ್ವಪ್ನಾ ಮೇಡಂ ಪೇಟಿಯ ಕಡೆ ಕೈ ತೋರಿಸಿದರು. ಜನ ಇನ್ನೂ ಜೋರಾಗಿ ತಟ್ಟಿದರು. ಅಜ್ಜ ಏಳಲಿಲ್ಲ. ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರರು ಚಪ್ಪಾಳೆಗೆ ಎದ್ದು ನಿಲ್ಲುವುದಿಲ್ಲವಂತೆ. ಕೂತಲ್ಲೇ ಪೇಟಿಯಿಂದ ಉತ್ತರ ಕೊಡುತ್ತಾರಂತೆ. ಅಜ್ಜ ಕೆಳಗಿನಿಂದ ಮೇಲಿನ ತನಕ ಸ್ವರಗಳನ್ನು ಒಂದು ಸಲ ಸುರಿದು, ಸ-ದಲ್ಲಿ ತಂದು ನಿಲ್ಲಿಸಿದರು.

ಅದನ್ನು ಕೇಳಿದ ಮಕ್ಕಳು ಇನ್ನೊಂದು ಹಾಡು ಶುರುವಾಯಿತು ಎಂದುಕೊಂಡು, ಅಜ್ಜ ನಿಂತ ಸ್ವರದಿಂದಲೇ ಬೇವಿನ ಮರದ ಹಾಡನ್ನು ಮತ್ತೆ ಎತ್ತಿಕೊಂಡರು. ಮೇಡಂ ತಡೆಯಲು ಹೋಗಿ, ನಕ್ಕು, ತಾವೂ ತಾಳ ಹಾಕತೊಡಗಿದರು. ಅಜ್ಜ ಅವಸರವಿಲ್ಲದೆ ಹಾಳೆಗಳನ್ನು ಆ ಹಾಡಿನ ಮೊದಲ ಪುಟಕ್ಕೆ ತಿರುವಿದರು.