ಅಕ್ಕನ ಹಳದಿ ಸಾಲು

ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿ, ಓಣಿಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟಿಕೊಂಡ ಕಾಲದಲ್ಲಿ ನಾನೂ ಅಲ್ಲಿ ಒಂದಿಷ್ಟು ಡೇಟಾಬೇಸು ಕಲಿತೆ. ಅಂಗಡಿ, ಮಿಲ್ಲುಗಳಿಗೆ ಲೆಕ್ಕ, ಚೀಟಿಗಳ ಕಂಪ್ಯೂಟರ್ ಫಾರ್ಮು ಮಾಡಿಕೊಡುವುದೇ ಹೊಟ್ಟೆಪಾಡಾಯಿತು. ಗಂಗಾವತಿಯ ಒಂದು ಅಕ್ಕಿ ಮಿಲ್ಲಿಗೂ ಮಾಡಿಕೊಟ್ಟೆ. ಅಲ್ಲಿ ಅದರ ಮುಂದೆ ಕೂರುತ್ತಿದ್ದವಳು ನನ್ನ ಅಕ್ಕ. ತೆರೆಯ ಮೇಲಿನ ಪಟ್ಟಿಯಲ್ಲಿ ಅಕ್ಕಿಯ ತಳಿ ಆರಿಸಿ ಅವಳು ಚೀಟಿ ತೆಗೆದರೆ, ಆ ಚೀಟಿಯಂತೆ ಲಾರಿಗೆ ಚೀಲ ಏರುತ್ತಿದ್ದವು. ಗಂಡನನ್ನು ಬಿಟ್ಟು ಬಂದವಳು. ಆ ಪಗಾರದ ಮೇಲೆ ಮಗಳನ್ನು ಓದಿಸುತ್ತ, ಬಾಡಿಗೆ ಮನೆಯಲ್ಲಿ ಯಾರ ಹಂಗೂ ಇಲ್ಲದೆ ಇದ್ದಳು.

ಅವಳ ಕಣ್ಣು ಮಂಜಾಗತೊಡಗಿತು. ಹುಬ್ಬಳ್ಳಿಯ ಡಾಕ್ಟರು ಕಣ್ಣಿನ ನರವೇ ಒಣಗುತ್ತಿದೆ, ಹೋದದ್ದು ಬರುವುದಿಲ್ಲ, ಇದ್ದದ್ದೂ ನಿಲ್ಲುವುದಿಲ್ಲ ಎಂದರು. ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ನನಗೆ ಡಾಕ್ಟರ ಮೇಲೂ ಸಿಟ್ಟು, ಹರಕೆಯ ಮೇಲೂ ಸಿಟ್ಟು. ಅಷ್ಟರಲ್ಲಿ ಅಕ್ಕ ತಪ್ಪು ಸಾಲು ಆರಿಸಿ, ಯಾರದೋ ಲಾರಿಗೆ ಇನ್ಯಾವುದೋ ಅಕ್ಕಿ ತುಂಬಿ ಹೋಯಿತು. ಇನ್ನೊಮ್ಮೆ ಹೀಗಾದರೆ ಮನೆಯ ಹಾದಿ ಹಿಡಿ ಎಂದ ಮಿಲ್ಲಿನ ಸಾಹುಕಾರ. ಕಣ್ಣಿನ ಸಂಗತಿಯನ್ನು ನಾವು ಅವನಿಗೆ ಹೇಳಿರಲಿಲ್ಲ.

“ಆರಿಸಿದ ಸಾಲು ಯಾವುದಂತ ತಿಳಿವಲ್ದೋ ತಮ್ಮಾ,” ಎಂದಳು ಅಕ್ಕ. “ಆರಿಸಿದ್ದರ ಮ್ಯಾಲ ಬೀಳೋ ಆ ನೀಲಿ ಎಲ್ಲಾದ್ರಾಗೂ ಕಲಸಿ ಹೋಗ್ತೈತಿ. ಅದೊಂದಿಷ್ಟು ಬದಲಿ ಮಾಡಿಕೊಡು.”

ಏನು ಮಹಾ ಕೆಲಸ ಅಂದುಕೊಂಡು ಕುಳಿತೆ. ಪಟ್ಟಿಯ ಬಣ್ಣ ಬದಲಾಯಿತು, ಅಕ್ಷರದ ಬಣ್ಣ ಬದಲಾಯಿತು. ಆರಿಸಿದ ಸಾಲಿನ ನೀಲಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದು ನನ್ನ ಫಾರ್ಮಿನ ಮಾತು ಕೇಳುವಂಥದ್ದಲ್ಲ, ಇಡೀ ಕಂಪ್ಯೂಟರಿಗೆ ಸೇರಿದ ಬಣ್ಣ ಎಂದು ತಡವಾಗಿ ತಿಳಿಯಿತು. ಕೊನೆಗೆ ಇಡೀ ಕಂಪ್ಯೂಟರಿನದೇ ಬದಲಿಸಿದೆ. ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಸಿರು, ಕೆಂಪು, ಕೇಸರಿ ಎಲ್ಲ ಹಚ್ಚಿ ತೋರಿಸಿದೆ. ಅಚ್ಚ ಹಳದಿಯ ಮೇಲೆ ಕಪ್ಪು ಅಕ್ಷರ ಬಂದಾಗ ಅವಳ ಮುಖ ಅರಳಿತು. ಇದೇನು ಕಂಪ್ಯೂಟರಿಗೆ ಅರಿಷಿಣ ಹಚ್ಚೀರಿ, ಲಗ್ನ ಐತೇನು ಎಂದು ಸಾಹುಕಾರ ನಕ್ಕ. ಈಗ ಎಲ್ಲಾ ಕಡೆ ಹಿಂಗೇ ರೀ ಎಂದು ನಾನು ಸುಳ್ಳು ಹೇಳಿದೆ. ಆಮೇಲೆ ಕೆಲವು ತಿಂಗಳು ಒಂದು ಲಾರಿಯೂ ತಪ್ಪಲಿಲ್ಲ. ಡಾಕ್ಟರ ಕೈಲಾಗದ್ದನ್ನು ನಾನು ಮಾಡಿದೆ ಎಂಬ ಜಂಬವೂ ಬಂದಿತ್ತು.

ಒಂದು ದಿನ ಮಿಲ್ಲಿನ ಕಂಪ್ಯೂಟರ್ ಕೆಟ್ಟು, ರಿಪೇರಿಯವನು ಎಲ್ಲ ಅಳಿಸಿ ಹೊಸದಾಗಿ ಹಾಕಿ, ನನ್ನ ಫಾರ್ಮನ್ನೂ ಮತ್ತೆ ಕೂರಿಸಿದ್ದಾನೆಂದು ಸುದ್ದಿ ಬಂತು. ಹಳದಿ ಹೋಗಿರುತ್ತದೆಂದು ಗಾಬರಿಯಾಗಿ ಸಿಕ್ಕ ಬಸ್ಸು ಹತ್ತಿದೆ. ನೆನೆಸಿದಂತೆಯೇ ತೆರೆಯ ಮೇಲೆ ಹಳೆಯ ನೀಲಿ ಕುಳಿತಿತ್ತು. ಅದರ ಮುಂದೆ ಅಕ್ಕ, ಕೀಬೋರ್ಡಿನ ಬಾಣದ ಕೀಲಿಯನ್ನು ಒಂದೊಂದೇ ಸಲ ಒತ್ತುತ್ತ, ಬಾಯಿಪಾಠವಾಗಿದ್ದ ಪಟ್ಟಿಯನ್ನು ಒತ್ತಿಗೊಂದು ಹೆಸರಿನಂತೆ ತುಟಿಯಲ್ಲೇ ಹೇಳಿಕೊಳ್ಳುತ್ತ ಚೀಟಿ ತೆಗೆಯುತ್ತಿದ್ದಳು. ಅಕ್ಕಾ ಎಂದೆ. ದನಿ ಹಿಡಿದು ನನ್ನ ಕಡೆ ತಿರುಗಿದಳು.

“ನೀ ಹಾಕಿದ ಹಳದಿ ಭಾಳ ಛಲೋ ಕಾಣ್ತೈತಿ ನೋಡು,” ಎಂದಳು. “ಸಾಹುಕಾರಗ ಇನ್ನೂ ಏನೂ ಗೊತ್ತಾಗಿಲ್ಲ.”

ಸಾಹುಕಾರ ನನ್ನ ಹಿಂದೆಯೇ ಒಳಗೆ ಬಂದು ನಿಂತಿದ್ದ. ತೆರೆಯನ್ನು ನೋಡಿದ, ಅಕ್ಕನನ್ನು ನೋಡಿದ.

“ಯಾಕೋ, ಸುಮ್ಮನಾದಿ?” ಎಂದಳು ಅಕ್ಕ.