ನೀಲಕ್ಕನ ಹಗುರ ಇದ್ದಿಲು

ನೀಲಕ್ಕ ಯಾವ ತಿಂಡಿಯನ್ನೂ ನೇರವಾಗಿ ಬಾಯಿಗೆ ಹಾಕಿದವರಲ್ಲ. ಬ್ರೆಡ್ಡಿರಲಿ, ದೋಸೆಯಿರಲಿ, ಮದುವೆಯೂಟದ ಮೈಸೂರುಪಾಕಿರಲಿ, ಮೊದಲು ಮುರಿದು, ಬೆಳಕಿಗೆ ಹಿಡಿದು, ಒಳಗಿನ ತೂತುಗಳನ್ನು ನೋಡಲೇಬೇಕು. ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ನನಗೆ ನಾಚಿಕೆಯೋ ನಾಚಿಕೆ. "ಏನರ ಹುಳಾ ಬಂದಾವೇನ್ರಿ?" ಎಂದು ಬಡಿಸುವವರು ಗಾಬರಿಯಾದರೆ, "ಇಲ್ಲರಿ, ತೂತು ಭಾಳ ಛಲೋ ಬಿದ್ದಾವು" ಎಂದು ಮೆಚ್ಚಿ ತಿನ್ನುತ್ತಿದ್ದರು.

ತೂತೇ ಅವರ ವಿದ್ಯೆ. ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅರವತ್ತರ ದಶಕದ ಮೊದಲಲ್ಲಿ ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದೆ. ಫಿನಾಲು, ಫಾರ್ಮಲಿನ್ನು ಕಾಯಿಸಿ ಪ್ಲಾಸ್ಟಿಕ್ಕಿನಂಥ ರಾಳ ಮಾಡುವುದು, ಅದು ಗಟ್ಟಿಯಾಗುವ ಮುನ್ನ ನೊರೆ ಬರಿಸಿ ಉಬ್ಬಿಸುವುದು, ಆಮೇಲೆ ಕಬ್ಬಿಣದ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಕುಲುಮೆಯಲ್ಲಿ ಸುಡುವುದು. ಮಿಕ್ಕದ್ದೆಲ್ಲ ಹೊಗೆಯಾಗಿ ಹೋಗಿ, ಅಷ್ಟೂ ತೂತುಗಳ ಸಮೇತ ಬರೀ ಇಂಗಾಲ ಉಳಿಯಬೇಕು. ಗಾಳಿ ನುಸುಳಿದರೆ ಬೂದಿ, ಅವಸರ ಮಾಡಿದರೆ ಚೂರು. ನನಗೋ ಹುಟ್ಟಾ ಅವಸರ. "ನಿಧಾನಕ್ಕ ಕಾಯಸವಾ. ಒಳಗಿನ ಹೊಗಿಗೆ ಹೊರಗ ಬರಾಕ ದಾರಿ ಬೇಕಲ್ಲ? ದಾರಿ ಕೊಡಲಿಲ್ಲಂದ್ರ ಗ್ವಾಡಿ ಒಡಕೊಂಡು ಬರತೈತಿ" ಎನ್ನುತ್ತಿದ್ದರು.

ಮದುವೆಯಾದ ಮರುವರ್ಷವೇ ನೀಲಕ್ಕನ ಗಂಡ ತೀರಿಕೊಂಡಿದ್ದ. ತವರಿನವರು ಕರೆದೊಯ್ಯಲು ಬಂದಾಗ ಅತ್ತೆ ಬಸಮ್ಮ ಬಾಗಿಲಿಗೆ ಅಡ್ಡ ನಿಂತು, "ಸೊಸಿ ನನ್ನ ಮನ್ಯಾಗ ಇರತಾಳ, ಸಾಲಿ ಕಲೀತಾಳ" ಎಂದು ತಾವೇ ಕರೆದುಕೊಂಡು ಹೋಗಿ ಕಾಲೇಜಿಗೆ ಹೆಸರು ಹಚ್ಚಿಸಿದವರು. ಅವರಿಗೆ ಓದು ಬರಹ ಬಾರದು. ಅದೇ ಊರಿನ ಸಪ್ತಾಪುರ ಓಣಿಯ ಬಾಡಿಗೆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆ ಸಂಜೆ ಕೈಯೆಲ್ಲ ಮಸಿ ಮಾಡಿಕೊಂಡು ಬಂದರೆ, "ಇಷ್ಟೆಲ್ಲಾ ಕಲತು ಇದ್ದಲಿ ಮಾರೂ ಕೆಲಸಾ ಹಿಡದಿಯೇನು?" ಎಂದು ಕಾಡುತ್ತಿದ್ದರು.

ಒಮ್ಮೆ ನಮ್ಮ ಕೆಲಸ ನೋಡಲು ಮುಂಬಯಿಯಿಂದ ಇಬ್ಬರು ಹಿರಿಯ ವಿಜ್ಞಾನಿಗಳು ಬರುವುದಿತ್ತು. ಒಡೆಯದ ಒಂದಾದರೂ ತುಂಡು ತೋರಿಸಿದರೆ ಕುಲುಮೆ ನೀಲಕ್ಕನ ಬಳಿ ಉಳಿಯುತ್ತದೆ, ಇಲ್ಲದಿದ್ದರೆ ಬೇರೆ ವಿಭಾಗದ ಪಾಲು. ಅಲ್ಲಿಯವರೆಗೆ ನಮಗೆ ಬಂದದ್ದೆಲ್ಲ ಬರೀ ಚೂರು. ಅವರು ಬರುವ ಮುಂಚಿನ ಶನಿವಾರ ಡಬ್ಬಿ ತೆರೆದರೆ, ಅಂಗೈಯಗಲದ ಕಪ್ಪು ತುಂಡು ಇಡಿಯಾಗಿ ಕೂತಿದೆ, ಎಲ್ಲಿಯೂ ಒಂದು ಸೀಳಿಲ್ಲ. ನೀಲಕ್ಕ ಅದನ್ನು ನನ್ನ ಕೈಯಲ್ಲಿಟ್ಟರು. ಭಾರವೇ ತಿಳಿಯಲಿಲ್ಲ. ಇಬ್ಬರಿಗೂ ಕಣ್ಣು ತುಂಬಿ ಬಂತು. "ಮೊದಲ ಅತ್ತಿ ಕೈಯಾಗ ಕೊಡತೇನಿ. ಸೊಸಿ ಏನ ಮಾಡಾಕತ್ತಾಳ ಅಂತ ಅವರೂ ನೋಡ್ಲಿ" ಎಂದು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಮನೆ ಮುಟ್ಟುವಷ್ಟರಲ್ಲಿ ಅತ್ತೆ ಮಲಗಿದ್ದರಂತೆ. ಕೈ ತೊಳೆಯಲು ಹೋದ ನೀಲಕ್ಕ ತುಂಡನ್ನು ಬಚ್ಚಲ ಗೂಡಿನಲ್ಲಿಟ್ಟು, ಬೆಳಿಗ್ಗೆ ತೋರಿಸಿದರಾಯಿತೆಂದು ತಾವೂ ಮಲಗಿಬಿಟ್ಟರು. ನಮ್ಮ ಕಡೆ ಬಚ್ಚಲ ಗೂಡಿನಲ್ಲಿ ಇದ್ದಿಲು ಇದೆಯೆಂದರೆ ಅದು ಹಲ್ಲುಜ್ಜುವುದಕ್ಕೇ. ಭಾನುವಾರ ನಾನು ಹೋದಾಗ ಬಸಮ್ಮ ಕಟ್ಟೆಯ ಮೇಲೆ ಕೂತು ಕಪ್ಪು ತುಟಿಗಳಲ್ಲಿ ನಗುತ್ತಿದ್ದರು. "ಎಂಥಾ ಹಗುರ ಇದ್ದಲಿ ತಂದಾಳವಾ! ಕುಟ್ಟೂದ ಬ್ಯಾಡ, ಬೆರಳಿಲೆ ಒತ್ತಿದ್ರ ಪುಡಿ ಆತು. ಬಾಜೂ ಮನಿಯವ್ರಿಗೂ ಕೊಟ್ಟೇನಿ."

ನಾನು ಬಾಯಿ ತೆರೆಯುವುದರೊಳಗೆ ನೀಲಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದರು. "ನಿಮ್ಮ ಸಲುವಾಗೇ ತಂದಿದ್ದೆ, ಅತ್ತಿ. ಹಲ್ಲು ಏನ ಹೊಳ್ಯಾಕತ್ತಾವು!" ಎಂದರು.

ಹಿತ್ತಲಿಗೆ ಹೋದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ನೀಲಕ್ಕ ಗದರಿಸಿದರು. "ಸುಮ್ಮನಿರು. ನನಗ ಸಾಲಿ ಕಲಿಸಿದವ್ರು ಅವರು. ತಾವೇ ಹಾಳ ಮಾಡಿದ್ದು ಅಂತ ಗೊತ್ತಾದ್ರ ಉಣ್ಣೂದು ಬಿಟ್ಟಾರು. ಎಲ್ಲೂ ಬಾಯಿ ಬಿಡಬ್ಯಾಡ."

ಸೋಮವಾರ ಇದ್ದ ಚೂರುಗಳನ್ನೇ ತೋರಿಸಿದೆವು. ಇಡೀ ತುಂಡೊಂದು ಬಂದಿತ್ತು ಎಂದು ನೀಲಕ್ಕ ಹೇಳಿದಾಗ ಹಿರಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ಎಲ್ಲಿ ಹೋಯಿತೆಂದು ಕೇಳಿದರೆ ನೀಲಕ್ಕ ತುಟಿ ಬಿಚ್ಚಲಿಲ್ಲ. ಊರು ಸಣ್ಣದು, ಕಾಲೇಜಿನಲ್ಲಿ ಆಡಿದ ಮಾತು ಸಂಜೆಯೊಳಗೆ ಸಪ್ತಾಪುರ ಮುಟ್ಟುತ್ತಿತ್ತು. ಕುಲುಮೆ ಹೋಯಿತು. ನಾನು ಬೇರೆ ವಿಷಯ ಹಿಡಿದೆ. ನೀಲಕ್ಕ ಮಾತ್ರ ಮೊದಲಿನ ಹಾಗೆಯೇ ನಗುತ್ತ ಪಾಠ ಮಾಡಿಕೊಂಡಿದ್ದರು. ನಮ್ಮಲ್ಲಿ ಉಳಿದಿದ್ದ ಚೂರುಗಳನ್ನೂ ಒಂದೊಂದಾಗಿ ಮನೆಗೊಯ್ದು ಅತ್ತೆಯ ಹಲ್ಲಿಗೇ ಒದಗಿಸಿದರು. ನನಗೆ ಸಿಟ್ಟೂ ಬರುತ್ತಿತ್ತು, ಅವರ ಮೇಲೆ ಪ್ರೀತಿಯೂ ಉಕ್ಕುತ್ತಿತ್ತು.

ಆ ದಶಕ ಮುಗಿಯುವ ಮೊದಲೇ ನೀಲಕ್ಕ ಜ್ವರದಲ್ಲಿ ಹೋಗಿಬಿಟ್ಟರು. ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿದ್ದ ನನಗೆ ಸುದ್ದಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಗೆ ಹೋದಾಗ ಬಸಮ್ಮ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಆಮೇಲೆ ಕೇಳಿದರು, "ಅಷ್ಟ ವರ್ಷ ಮಸಿಯಾಗ ಕೈ ಹಾಕಿ ನನ್ನ ಸೊಸಿ ಏನ ಮಾಡಿದ್ಲವಾ? ನನಗ ಒಂದ ದಿನಾನೂ ತಂದು ತೋರಿಸ್ಲಿಲ್ಲ."

ನಾನೆಂದೆ, "ಭಾಳ ಚಂದಂದು ಒಂದ ಮಾಡಿದ್ರು, ಆಯಿ. ಅಂಥಾದ್ದು ನಾ ಮತ್ತ ನೋಡಿಲ್ಲ."

"ಎಲ್ಲೈತಿ ಈಗ? ಕಾಲೇಜಿನ್ಯಾಗ ಇಟ್ಟಾರೇನು?"

"ಇಲ್ಲರಿ. ಯಾರಿಗೆ ಮೊದಲ ಕೊಡಬೇಕಂತಿದ್ರೋ, ಅವರ ಕೈ ಸೇರೇತ್ರಿ."

ಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಯಾರೋ ಏನೋ," ಎಂದರು, "ಪುಣ್ಯವಂತ್ರು ಬಿಡವಾ."