ಗಂಡನ ಲೋಟಕ್ಕೆ ಹೋದ ಪುಡಿ

ಇಸ್ತ್ರಿಯಮ್ಮನ ತೋಳಿಗೆ ಒಂದು ಕಾಲದಲ್ಲಿ ಬೀದಿಯೇ ಹೆದರುತ್ತಿತ್ತು. ಲಾಂಡ್ರಿಯಲ್ಲಿ ನಲವತ್ತು ವರ್ಷ ಐದು ಕಿಲೋ ಇಸ್ತ್ರಿಪೆಟ್ಟಿಗೆ ತಳ್ಳಿದ ತೋಳು ಅದು, ಸುಮ್ಮನೆ ಅಲ್ಲ! ಗಂಡನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದಾಗ, "ಹೊರಗಿನೋರು ಯಾಕೆ ಬೇಕು? ನಾನಿಲ್ವಾ?" ಎಂದವಳೇ ಟೊಂಕ ಕಟ್ಟಿ ನಿಂತಳು. ಅಲ್ಲಿಂದ ದಿನಾ ಬೆಳಿಗ್ಗೆ ಅವನನ್ನು ಮಂಚದಿಂದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಮಂಚಕ್ಕೆ ಎತ್ತುವುದು ಅವಳ ಕೆಲಸ.

ಅರವತ್ತೆಂಟು ದಾಟಿದ ಮೇಲೆ ಆ ತೋಳು ಜೋತುಬಿತ್ತು. ಡಬ್ಬಿಯ ಮುಚ್ಚಳ ತಿರುಗಿಸಲೂ ಆಗದಾಯಿತು. "ವಯಸ್ಸಾದಂಗೆ ಮಾಂಸಖಂಡ ಕರಗುತ್ತೆ, ಅಮ್ಮ," ಎಂದಳು ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ. ಪ್ರೋಟೀನ್ ಪುಡಿ ಬರೆದುಕೊಟ್ಟಳು. ಕೈ ಊರದೆ ಕುರ್ಚಿಯಿಂದ ದಿನಾ ಹತ್ತು ಸಲ ಏಳಬೇಕು, ನೀರು ತುಂಬಿದ ಬಾಟಲಿ ಎತ್ತಬೇಕು ಎಂದಳು. "ಎರಡೂ ಬೇಕು. ಬರೀ ಪುಡಿ ಸಾಲದು."

ಬಾಟಲಿ ಎತ್ತುವುದಂತೆ! ಇಸ್ತ್ರಿಯಮ್ಮನಿಗೆ ನಗು ಬಂತು. ಇನ್ನು ಪುಡಿ? ಹಾಸಿಗೆ ಹಿಡಿದವನು ಅವನು, ಶಕ್ತಿ ಬೇಕಾದ್ದು ಅವನಿಗೆ. ಮಗಳು ತಂದಿಟ್ಟ ಡಬ್ಬದಿಂದ ದಿನಾ ಎರಡೆರಡು ಚಮಚ ಹಾಲಿಗೆ ಕಲಸಿ, ಸಕ್ಕರೆ ಸುರಿದು, ಗಂಡನಿಗೆ ಕುಡಿಸಿದಳು. ಮಗಳು ಕೇಳಿದರೆ, "ಹೂಂ, ಕುಡ್ದೆ ಕಣೇ." ಮನೆಯಲ್ಲಿ ಒಳ್ಳೆಯದೆಲ್ಲ ಮೊದಲು ಅವನ ಬಾಯಿಗೆ ಹೋಗಿಯೇ ಅಭ್ಯಾಸ, ಬೇರೆ ಥರ ಮಾಡಲು ಅವಳಿಗೆ ಗೊತ್ತೇ ಇರಲಿಲ್ಲ.

ನಾಲ್ಕು ತಿಂಗಳಲ್ಲಿ, ಕೂತಲ್ಲೇ ಕೂತ ಗಂಡ ಏಳು ಕಿಲೋ ಏರಿದ. ಇವಳು ಇಳಿದಳು. ಒಂದು ಬೆಳಿಗ್ಗೆ ಅವನನ್ನು ಎತ್ತಹೋದವಳ ಮೊಣಕಾಲು ಕುಸಿದು, ಇಬ್ಬರೂ ದಬ್ಬನೆ ನೆಲಕ್ಕೆ ಬಿದ್ದರು. ಮಗಳು ಬರುವ ತನಕ ಮೂರು ಗಂಟೆ ಹಾಗೇ ಬಿದ್ದಿದ್ದರು. ಇವಳಿಗೆ ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು, ನಾಚಿಕೆಗಿಂತ ಭಯ.

ಪುಡಿಯ ವಿಷಯ ಹೊರಬಿದ್ದಾಗ ಮಗಳು ತಲೆ ಚಚ್ಚಿಕೊಂಡಳು. "ಅಪ್ಪನ್ನ ಆರೈಕೆ ಮನೆಗೆ ಸೇರಿಸ್ತೀನಿ. ನಿನ್ನ ಕೈಲಿ ಇನ್ನಾಗಲ್ಲಮ್ಮ."

"ಎರಡು ತಿಂಗಳು ಟೈಮ್ ಕೊಡೇ," ಎಂದು ಇಸ್ತ್ರಿಯಮ್ಮ ಅಂಗಲಾಚಿದಳು. ಯಾರ ಮುಂದೂ ತಲೆಬಾಗದವಳು! ಮಗಳು ಒಲ್ಲದ ಮನಸ್ಸಿನಿಂದ ಒಪ್ಪಿ, ಅಲ್ಲಿಯವರೆಗೆ ಎತ್ತಿ ಕೂರಿಸಲು ಆಳೊಬ್ಬನನ್ನು ಗೊತ್ತು ಮಾಡಿದಳು.

ಅಂದೇ ಇಸ್ತ್ರಿಯಮ್ಮ ಪುಡಿ ಕಲಸಿದ ಹಾಲನ್ನು ತಾನೇ ಕುಡಿದು, ಗಂಡನ ಎದುರಿಗೆ ಕುರ್ಚಿ ಎಳೆದು ಕೂತಳು. ಕೈ ಕಟ್ಟಿಕೊಂಡು ಎದ್ದಳು. ಒಂದು. ಎರಡು. ನಾಲ್ಕಕ್ಕೆ ತೊಡೆ ನಡುಗಿತು. ಐದಕ್ಕೆ ಅರ್ಧ ಎದ್ದು ಧೊಪ್ಪನೆ ಕೂತುಬಿಟ್ಟಳು. ಅಳು ಉಕ್ಕಿಬಂತು.

"ಬಿಡೇ," ಎಂದ ಗಂಡ, ಸೊಟ್ಟ ಬಾಯಲ್ಲಿ ಒಂದೊಂದೇ ಮಾತು ಹೆಕ್ಕಿ. "ನಾನು... ಆರೈಕೆ ಮನೆಗೆ... ಹೋಗ್ತೀನಿ."

"ಯಾರನ್ನ ಕೇಳಿ ಹೋಗ್ತೀರಿ?" ಎಂದು ಗದರಿದ ಇಸ್ತ್ರಿಯಮ್ಮ, ಕಣ್ಣು ಕೂಡ ಒರೆಸಿಕೊಳ್ಳದೆ ಐದನೆಯ ಸಲ ಎದ್ದು ನಿಂತಳು.